ಬೇಡವಾದದ್ದನ್ನೆಲ್ಲ ತೆಗೆದ ಮೇಲೆ

ನಾನು ಒಂದು ಮೊಬೈಲ್ ಫೋನು. ಸಾಧಾರಣ ಬೆಲೆಯವನು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆಯೆನಿಸುವುದು ನನ್ನನ್ನು ಹುಟ್ಟಿಸಿದವರನ್ನು ನೆನೆದಾಗ. ಕಾರ್ಖಾನೆಯಲ್ಲಿ ಬೆನ್ನು ಮುಚ್ಚುವ ಮೊದಲೇ ನನ್ನ ಹೊಟ್ಟೆಗೆ ಕಂಡಕಂಡದ್ದನ್ನೆಲ್ಲ ತುರುಕಿದರು. ಸಾಮಾನು ಮಾರುವ ಆ್ಯಪ್‌ಗಳು ಮೂರು, ಸುದ್ದಿ ಹೇಳುವವು ಎರಡು, ದಿನಭವಿಷ್ಯ ನುಡಿಯುವುದೊಂದು, ಹಣ್ಣು ಕತ್ತರಿಸುವ ಆಟವೊಂದು, ಇನ್ನೂ ಹೆಸರು ಗೊತ್ತಿಲ್ಲದವು ಎಷ್ಟೋ. ಫೋನಿನ ಕಸ ಗುಡಿಸುತ್ತೇನೆಂದು ಬಂದು ಕೂತು, ತಾನೇ ಎಲ್ಲರಿಗಿಂತ ಹೆಚ್ಚು ಜಾಗ ತಿನ್ನುವುದು ಇನ್ನೊಂದು. ಕೊಂಡವನು ಕೇಳಿರದ, ಬೇಡವೆಂದರೂ ತೆಗೆಯಲಾಗದ ಸರಂಜಾಮು ಅದು. ಡಬ್ಬಿಯ ಮೇಲೆ ಮಾತ್ರ ‘ವಿಶಾಲ ಸಂಗ್ರಹ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರು. ಸುಳ್ಳಿಗೂ ಒಂದು ಮಿತಿ ಬೇಡವೇ?

ನನ್ನನ್ನು ಮೊದಲು ಕೊಂಡವನು ನಾಗೇಶ ಕಬ್ಬೂರ. ಗದಗಿನಿಂದ ಒಂದೂವರೆ ತಾಸಿನ ದಾರಿಯ ಊರಿನಲ್ಲಿ ಅವನದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಎರಡು ವರ್ಷ ಅವನು ನನ್ನಿಂದ ಮಾಡಿಸಿದ ಕೆಲಸವೆಂದರೆ ತನ್ನ ಮುಖದ ಫೋಟೋ ತೆಗೆಸಿದ್ದು. ಅದೇ ಮುಖ, ಅದೇ ಮೀಸೆ, ಹಿಂದೆ ಬೇರೆ ಬೇರೆ ಧಾಬಾ. ನಾನು ನಿಧಾನವಾದಾಗ ತೊಡೆಗೆ ಬಡಿದು, “ಇದರ ಹಣೆಬಾರಾನ ಇಷ್ಟ” ಎಂದು ಬೈಯುತ್ತಿದ್ದ. ಹೊಟ್ಟೆಯೊಳಗಿನ ಹೊರೆಯ ಬಗ್ಗೆ ಅವನಿಗೆ ತಿಳಿಯದು, ತಿಳಿಯುವ ಆಸೆಯೂ ಇಲ್ಲ. ಕೊನೆಗೆ ಹೊಸ ಫೋನು ಕೊಂಡು ನನ್ನನ್ನು ಅಕ್ಕನ ಗಂಡನಿಗೆ ದಾನ ಮಾಡಿದ.

“ಮಾಮಾ, ನಿಮಗ ಹೊಸಾದ ಕೊಡಸಬೇಕಂತಿದ್ದೆ. ಇರ್ಲಿ, ಇದೂ ಹೊಸಾದರಂಗನ ಐತಿ” ಎಂದ. ನನ್ನ ಗಾಜಿನಲ್ಲಿ ಬಿರುಕು ಬಿಟ್ಟಿದ್ದು ಮಾಮನಿಗೆ ಕಾಣುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಈ ಮಾಮ ಅಂದಾನೆಪ್ಪ, ಹುಟ್ಟುಕುರುಡ. ಹತ್ತೊಂಬತ್ತು ವರ್ಷಗಳಿಂದ ಊರಿನ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗುವುದು ಅವನ ಕೆಲಸ. ದನಿ ಕಂಚಿನಂಥದ್ದು. ಮೊದಲೆಲ್ಲ ಕಂಟ್ರೋಲರು ಮೈಕ್ ರೂಮಿನ ಕಿಟಕಿಗೆ ಬಂದು ಹೇಳುತ್ತಿದ್ದರು, ಇವನು ಕೂಗುತ್ತಿದ್ದ. ಆಮೇಲೆ ಮೈಕು ಮತ್ತು ಜಾಹೀರಾತಿನ ಗುತ್ತಿಗೆ ಸ್ವರಸಂಪದ ಎಂಬ ಏಜೆನ್ಸಿಗೆ ಹೋಯಿತು. ಅದರ ಮ್ಯಾನೇಜರ್ ಹೊಸಕೇರಿಗೆ ಮನುಷ್ಯರ ಜೊತೆ ಮಾತಾಡುವುದೆಂದರೆ ಅಲರ್ಜಿ. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬದಲಾಯಿತು ಎಂಬುದೆಲ್ಲ ಇನ್ನು ಮೆಸೇಜಿನಲ್ಲೇ ಬರುತ್ತದೆ ಎಂದು ಅಪ್ಪಣೆ ಮಾಡಿದ.

ಹೀಗಾಗಿ ನನ್ನೊಳಗಿದ್ದ ಒಂದು ಆ್ಯಪ್‌ಗೆ ಕೆಲಸ ಸಿಕ್ಕಿತು. ಪರದೆಯ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿ ಹೇಳುವುದಷ್ಟೇ ಅದಕ್ಕೆ ಬರುವ ವಿದ್ಯೆ. ಎದುರಿಗೆ ಕಾಣುವುದನ್ನೇ ಒಂದನೇ ಇಯತ್ತೆಯ ಮಕ್ಕಳ ಹಾಗೆ ರಾಗವಾಗಿ ಓದುವ ಅದನ್ನು ನಾನು ಶುದ್ಧ ದಡ್ಡನೆಂದೇ ತಿಳಿದಿದ್ದೆ. ಅಂದಾನೆಪ್ಪ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅದು ಓದಿದ್ದನ್ನು ಕೇಳಿ, ಮರುಕ್ಷಣವೇ ಮೈಕಿನಲ್ಲಿ ಹೇಳುತ್ತಿದ್ದ.

ತೊಂದರೆ ಶುರುವಾದದ್ದು ಉಳಿದ ಪುಂಡರಿಂದ. ಮೆಸೇಜು ಬರುವ ಹೊತ್ತಿಗೇ ದಿನಭವಿಷ್ಯ ಎದ್ದು ಕೂರುತ್ತಿತ್ತು, ಆಟ ಕರೆಯುತ್ತಿತ್ತು, ಅಂಗಡಿಗಳು ರಿಯಾಯಿತಿ ಸಾರುತ್ತಿದ್ದವು. ಓದುವ ದಡ್ಡ ಎಲ್ಲವನ್ನೂ ಸಾಲಾಗಿ ಓದುತ್ತಿತ್ತು. ನಾನು ಬಿಸಿಯಾಗಿ ನಿಂತೇಬಿಡುತ್ತಿದ್ದೆ. ಒಂದು ಬೆಳಿಗ್ಗೆ ಅಂದಾನೆಪ್ಪ ಮೈಕಿನಲ್ಲಿ, “ರೋಣಕ್ಕೆ ಹೋಗುವ ಬಸ್ಸು ಪ್ಲಾಟ್‌ಫಾರ್ಮ್ ಮೂರರಲ್ಲಿ, ತುಲಾ ರಾಶಿಯವರಿಗೆ ಪ್ರಯಾಣದಿಂದ ಕಷ್ಟ” ಎಂದುಬಿಟ್ಟ. ಇಡೀ ನಿಲ್ದಾಣ ನಕ್ಕಿತು. ಹೊಸಕೇರಿಗೆ ಮಾತ್ರ ನಗು ಬರಲಿಲ್ಲ. ಅದೊಂದು ದಿನ ಬಾಯಿ ತೆರೆದು ಮಾತಾಡಿದ.

“ಇನ್ನೊಂದ ತಪ್ಪಾದ್ರ ರೆಕಾರ್ಡ್ ಮಶೀನ್ ಕುಂದರಸ್ತೀನಿ ನೋಡ್ರಿ. ಅದಕ್ಕ ಪಗಾರನೂ ಬ್ಯಾಡ, ರಾಶಿನೂ ಇಲ್ಲ.”

ಈ ಮಾತು ಕೇಳಿದ ಮೇಲೆ ಅಂದಾನೆಪ್ಪನ ಹೆಂಡತಿ ಕಸ್ತೂರೆವ್ವ ತಡಮಾಡಲಿಲ್ಲ. ಹಾಸ್ಟೆಲ್ಲೊಂದರಲ್ಲಿ ಅಡುಗೆ ಮಾಡುವ ಗಟ್ಟಿಗಿತ್ತಿ ಆಕೆ. ರವಿವಾರ ಸಂಜೆ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಗುರುಪಾದನ ಮೊಬೈಲ್ ರಿಪೇರಿ ಅಂಗಡಿಗೆ ಹೊರಟಳು. ಅಂಗಡಿ ಇನ್ನೂ ನಾಲ್ಕು ಹೆಜ್ಜೆ ಇರುವಾಗ ನಿಂತು, ಓದುವ ದನಿಯನ್ನು ಬಂದ್ ಮಾಡಿದಳು. ಗಂಡನಿಗೆ ಕಣ್ಣಿಲ್ಲವೆಂಬುದನ್ನು ಪರಿಚಯವಿಲ್ಲದವರ ಮುಂದೆ ಆಕೆ ಎಂದೂ ಬಾಯಿ ಬಿಡುವವಳಲ್ಲ. ‘ಅಯ್ಯೋ ಪಾಪ’ ಎನಿಸಿಕೊಳ್ಳುವುದು ಆಕೆಗೆ ಕಪಾಳಕ್ಕೆ ಹೊಡೆಸಿಕೊಂಡ ಹಾಗೆ. ಅಭಿಮಾನವಂತೆ! ಮನುಷ್ಯರು ಅದನ್ನು ಬಹಳ ದೊಡ್ಡ ಗುಣವೆಂದು ತಿಳಿದಿದ್ದಾರೆ.

ಗುರುಪಾದ ನನ್ನನ್ನು ಎತ್ತಿಕೊಂಡು ನೋಡಿ ಮೂಗು ಮುರಿದ. “ಏನ್ರಿ ಅಕ್ಕಾರ ಇದು, ಸಂತಿ ಇಟ್ಟೀರಿ ಒಳಗ. ಬರೇ ಬಂದ್ ಮಾಡಿದ್ರ ಮತ್ತ ಎದ್ದ ಕುಂದರ್ತಾವು. ರೂಟ್ ಮಾಡಬೇಕು.”

“ಹಂಗಂದ್ರ?”

“ಮನಿ ನಿಮ್ದು, ಕೀಲಿ ಕಂಪನಿ ಕಡೆ ಐತಿ. ಆ ಕೀಲಿ ನಾವ ಇಸಗೊಳ್ಳೋದು. ಆದ್ರ ಗ್ಯಾರಂಟಿ ಹೋಗ್ತೈತಿ, ಮೊದಲ ಹೇಳೀನಿ.”

ಗ್ಯಾರಂಟಿ ಮುಗಿದು ಎಷ್ಟೋ ಕಾಲವಾಗಿತ್ತು. ಆಕೆ ಹೂಂ ಎಂದಳು.

ಗುರುಪಾದನನ್ನು ಹೀಗಳೆಯಲು ನನಗೆ ಬಹಳ ಆಸೆ, ಆದರೆ ಕೆಲಸ ಬಲ್ಲವನು. ಬೀಗ ತೆಗೆದ ಕೂಡಲೇ ನನ್ನೊಳಗಿನದೆಲ್ಲ ಅಳಿಸಿಹೋಗುತ್ತದೆಂದು ಅವನಿಗೆ ಗೊತ್ತು. ಆದ್ದರಿಂದ ಮೊದಲು ಫೋಟೋ, ನಂಬರು, ಮೆಸೇಜು, ಆ್ಯಪ್‌ಗಳು, ಎಲ್ಲದರ ನಕಲನ್ನು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡ. ಬ್ಯಾಟರಿ ತುಂಬುವವರೆಗೆ ಕಾದ. ಬೇರೆ ಮಾಡೆಲ್ಲಿನ ಫೈಲು ಹಾಕಿದರೆ ಫೋನು ಸತ್ತು ಬರೀ ಇಟ್ಟಿಗೆಯಂತಾಗಿಬಿಡುತ್ತದೆಂದು ನನ್ನ ಮಾಡೆಲ್ ನಂಬರನ್ನು ಎರಡು ಸಲ ಓದಿದ. ನಂತರ ಬೀಗ ತೆಗೆದು, ರೂಟ್ ಮಾಡಿ, ನಕಲಿನಿಂದ ಎಲ್ಲ ವಾಪಸ್ಸು ತುಂಬಿ, ಪಟ್ಟಿ ಮುಂದಿಟ್ಟುಕೊಂಡು ಕೂತ. ಕರೆಗೆ, ಕೀಬೋರ್ಡಿಗೆ ಬೇಕಾದವನ್ನು ಮುಟ್ಟಲಿಲ್ಲ. ಉಳಿದವನ್ನು ಒಂದೊಂದಾಗಿ ಕೇಳಿ ಕೇಳಿ ಕಿತ್ತ. ಹಣ್ಣು ಕತ್ತರಿಸುವುದು ಹೋಯಿತು, ಜ್ಯೋತಿಷಿ ಹೋಯಿತು. ಜೀವಮಾನದಲ್ಲಿ ನಾನು ಅಷ್ಟು ಸಂತೋಷಪಟ್ಟದ್ದಿಲ್ಲ.

“ಇದೊಂದು ಓದಿ ಹೇಳೋದೈತ್ರಿ. ಕಣ್ಣ ಕಾಣಲಾರದವರು ಬಳಸೋದು. ನಿಮ್ಮನ್ಯಾಗ ಅಂಥವರು ಯಾರರ ಅದಾರೇನು?”

ಅಂಗಡಿಯಲ್ಲಿ ಇನ್ನೂ ನಾಲ್ಕು ಮಂದಿ ಗಿರಾಕಿಗಳಿದ್ದರು. ನಾಲ್ವರೂ ಆಕೆಯ ಮುಖ ನೋಡಿದರು.

“ಇಲ್ರಿ. ನಮ್ಮನ್ಯಾಗ ಅಂಥವರು ಯಾರೂ ಇಲ್ಲ” ಎಂದಳು ಕಸ್ತೂರೆವ್ವ.

ಅವನು ಕೇಳುತ್ತಿರುವುದು ಮನೆಯವರ ವಿಚಾರವೆಂದೇ ಆಕೆ ತಿಳಿದಳು. ಓದುವ ದನಿ ಫೋನಿನದೇ ಗಂಟಲು, ಅದನ್ನು ಯಾರಾದರೂ ಕಿತ್ತುಹಾಕಬಹುದೆಂಬ ಕಲ್ಪನೆಯೂ ಆಕೆಗಿರಲಿಲ್ಲ. ಗುರುಪಾದ ಓದುವುದನ್ನೂ ಅದಕ್ಕೆ ದನಿ ಕೊಡುವುದನ್ನೂ ಕಿತ್ತ. ಕಿತ್ತವು ಒಟ್ಟು ಮೂವತ್ತೊಂದು. ಆ ಕೊನೆಯದಕ್ಕೂ ನಾನು ಹಿಗ್ಗಿದೆ. ದಡ್ಡ ತೊಲಗಿತು ಎಂದುಕೊಂಡೆ.

ಮನೆಗೆ ಬಂದು ಆಕೆ ದನಿಯನ್ನು ಮತ್ತೆ ಹಚ್ಚಲು ಹೋದಾಗ ಪರದೆಯ ಮೇಲೆ ಅದರ ಗುರುತೇ ಇರಲಿಲ್ಲ. ಅಷ್ಟರಲ್ಲಿ ಗುರುಪಾದ ಅಂಗಡಿಯ ಶಟರ್ ಎಳೆದಾಗಿತ್ತು. ಬೆಳಿಗ್ಗೆ ಇಬ್ಬರಿಗೂ ಕೆಲಸ, ಅಂಗಡಿ ತೆರೆಯುವುದು ಹತ್ತಕ್ಕೆ.

“ಒಂದ ದಿನಾ ತಾನ” ಎಂದ ಅಂದಾನೆಪ್ಪ. “ಹತ್ತೊಂಬತ್ತ ವರ್ಷದ ಟೈಮ್ ಟೇಬಲ್ ತಲ್ಯಾಗ ಐತಿ. ನೀ ಅಳಬ್ಯಾಡ.”

ಸೋಮವಾರ ಬೆಳಗಿನಿಂದ ನಾನು ಅವನ ಜೇಬಿನಲ್ಲಿ ಮಿಂಚಿನಂತೆ ಕೆಲಸ ಮಾಡಿದೆ. ಮೆಸೇಜು ಬಂದ ಕ್ಷಣವೇ ಪರದೆಯ ಮೇಲೆ ಹಾಕಿದೆ. ಜೇಬಿನ ಕತ್ತಲೆಗೆ ಹಾಕಿದೆ ಎನ್ನಬೇಕು. ಅವನು ಪ್ರತಿ ಸಲವೂ ನನ್ನನ್ನು ಹೊರಗೆ ತೆಗೆದು ಕಿವಿಗೆ ಹಿಡಿದ, ಗಾಜನ್ನು ಸವರಿದ, ಮತ್ತೆ ಜೇಬಿಗಿಟ್ಟ. ಹೊರಗೆ ನೂರು ಜನ ಓಡಾಡುತ್ತಿದ್ದರು. ‘ಇದನ್ನೊಂಚೂರು ಓದಿ ಹೇಳ್ರಿ’ ಎಂದು ಒಬ್ಬರನ್ನು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಗಂಡ ಹೆಂಡತಿ ಇಬ್ಬರದೂ ಒಂದೇ ರೋಗ.

ಹತ್ತೂಕಾಲಿನ ನರಗುಂದದ ಬಸ್ಸು ಎಂದಿನಂತೆ ಪ್ಲಾಟ್‌ಫಾರ್ಮ್ ಎರಡಕ್ಕೆ ಬರುತ್ತದೆಂದು ಅವನು ಮೂರು ಸಲ ಕೂಗಿದ. ಅದು ಐದಕ್ಕೆ ಬದಲಾಗಿದ್ದು ನನ್ನಲ್ಲಿ ಹತ್ತು ಗಂಟೆಗೇ ಬಂದು ಕೂತಿತ್ತು. ಕೋರ್ಟಿಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು ಎಲ್ಲ ಎರಡರಲ್ಲಿ ನಿಂತರು. ಬಸ್ಸು ಐದರಿಂದ ಖಾಲಿಯಾಗಿ ಹೊರಟುಹೋಯಿತು. ಜನ ಮೈಕ್ ರೂಮಿನ ಬಾಗಿಲು ಬಡಿದು ಬೈದರು. ಅವನು ಕೈಮುಗಿದು ನಿಂತಿದ್ದ, ಅವರು ನಿಂತಿದ್ದ ಕಡೆಗಿಂತ ತುಸು ಬಲಕ್ಕೆ.

ಮೂರು ಗಂಟೆಗೆ ಕಸ್ತೂರೆವ್ವ ಹಾಸ್ಟೆಲ್ಲಿನಿಂದ ನೇರ ನಿಲ್ದಾಣಕ್ಕೆ ಬಂದು, ಗಂಡನ ಕೈ ಹಿಡಿದುಕೊಂಡು ಗುರುಪಾದನ ಅಂಗಡಿಗೆ ಹೋದಳು. ಅಲ್ಲಿ ಅಂದೂ ಗಿರಾಕಿಗಳು ತುಂಬಿದ್ದರು. ಆಕೆ ಎಲ್ಲರಿಗೂ ಕೇಳುವಂತೆ ಹೇಳಿದಳು: “ಇವರು ನಮ್ಮ ಮನಿಯವರು. ಇವರಿಗೆ ಕಣ್ಣ ಕಾಣಂಗಿಲ್ಲ. ಆ ಓದೋದು ಹೊಳ್ಳಿ ಹಾಕಿ ಕೊಡ್ರಿ.”

“ನಾ ಕೇಳಿದ್ನೆಲ್ರಿ ಅಕ್ಕಾರ” ಎಂದ ಗುರುಪಾದ, ಪಾಪ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ. “ಅಂಥವರು ಯಾರೂ ಇಲ್ಲ ಅಂದ್ರಿ.”

ಆಕೆಯ ಕೈ ಗಂಡನ ಕೈಯಿಂದ ಜಾರಿತು. ಅಂದಾನೆಪ್ಪ ಹುಡುಕಿ ಅದನ್ನು ಮತ್ತೆ ಹಿಡಿದುಕೊಂಡ.

“ಆಕಿ ಹೇಳಿದ್ದು ಖರೇನ ಐತ್ರಿ” ಎಂದು ನಕ್ಕ. “ನಾ ಮನ್ಯಾಗ ಎಲ್ಲಿ ಇರ್ತೀನಿ? ದಿನಾ ಬಸ್ ಸ್ಟ್ಯಾಂಡಿನ್ಯಾಗನ ಇರ್ತೀನಿ.”

ಗುರುಪಾದ ನನ್ನನ್ನು ಎಳೆದುಕೊಂಡು ವೈರು ಸಿಕ್ಕಿಸಿದ. ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದ ನಕಲಿನಿಂದ ಓದುವುದನ್ನೂ ಅದರ ದನಿಯನ್ನೂ ತಂದು ನನ್ನೊಳಗೆ ಕೂರಿಸಿದ. ಹತ್ತು ನಿಮಿಷದ ಕೆಲಸ. ತಪಾಸಣೆಗೆಂದು ದನಿಯನ್ನು ಪೂರ್ತಿ ಏರಿಸಿ, ಮೆಸೇಜುಗಳ ಮೇಲೆ ಅವನೇ ಬೆರಳಿಟ್ಟ. ತಡೆಯಲು ನನ್ನಲ್ಲಿ ಆಟವಿರಲಿಲ್ಲ, ಅಂಗಡಿಯಿರಲಿಲ್ಲ, ಜ್ಯೋತಿಷಿಯೂ ಇರಲಿಲ್ಲ. ಎಲ್ಲಕ್ಕಿಂತ ಮೇಲಿದ್ದದ್ದು ಮಧ್ಯಾಹ್ನ ಬಂದ ಹೊಸಕೇರಿಯ ಮೆಸೇಜು. ದಡ್ಡ ಅದನ್ನು ಇಡೀ ಅಂಗಡಿಗೆ ಕೇಳುವ ಹಾಗೆ, ಒಂದಕ್ಷರ ಬಿಡದೆ ಓದಿತು.

“ಅಂದಾನೆಪ್ಪ, ನಾಳೆಯಿಂದ ಬರುವುದು ಬೇಡ. ಮಶೀನ್ ತರಿಸಿದ್ದೇನೆ. ರೂಮಿನ ಕೀಲಿ ಕಂಟ್ರೋಲರಿಗೆ ಕೊಡಿ.”

ಯಾರೋ “ಅಯ್ಯೋ ಪಾಪ” ಎಂದರು. ಕಸ್ತೂರೆವ್ವ ಗೋಡೆಯ ಕಡೆ ತಿರುಗಿದಳು. ಅಂದಾನೆಪ್ಪ ಕೈ ಚಾಚಿ ನನ್ನನ್ನು ಇಸಿದುಕೊಂಡ.

“ಚಲೋ ಮಾಡೀರಿ ಗುರುಪಾದಪ್ಪ. ಈಗ ಇದು ಒಟ್ಟ ತಡಾ ಮಾಡಂಗಿಲ್ಲ” ಎಂದ.

ಈಗ ನನಗೆ ವಯಸ್ಸಾಗಿದೆ. ಬ್ಯಾಟರಿ ಉಬ್ಬಿ ಬೆನ್ನು ಬಿಟ್ಟುಕೊಂಡಿದೆ, ಅವರ ಮನೆಯ ಗೂಡಿನಲ್ಲಿ ಬಿದ್ದಿದ್ದೇನೆ. ಕಂಪನಿ, ನಾಗೇಶ, ಹೊಸಕೇರಿ, ಇವರಲ್ಲಿ ಯಾರನ್ನೂ ನಾನು ಇಂದಿಗೂ ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಆ ದಿನದ ಮಟ್ಟಿಗೆ ನನ್ನ ಮೇಲೇ ನನಗೆ ಹೆಚ್ಚು ಅಸಹ್ಯ. ಬದುಕೆಲ್ಲ ಬೇಡದ ಹೊತ್ತಿನಲ್ಲಿ ನಿಂತು ನಿಂತು ಬೈಸಿಕೊಂಡವನು, ಆ ಮೆಸೇಜು ಓದುವ ಮುಂಚೆ ಅದೊಂದು ಸಲ ನಿಲ್ಲಬಹುದಾಗಿತ್ತು. ಅವರಿಬ್ಬರೂ ಅಂಗಡಿಯ ಮೆಟ್ಟಿಲಿಳಿದು ಬೀದಿಗೆ ಬರುವವರೆಗೆ, ಅಷ್ಟೇ ಹೊತ್ತು.