ಜೋರಕ್ಕನ ಕತ್ತರಿ

ಬಟ್ಟೆ ಹೊಲಿಯುವ ಆ ಕಾರ್ಖಾನೆಯಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ. ಕೀಲಿ ಸೂಪರ್‌ವೈಸರನ ಜೇಬಿನಲ್ಲಿ. ಊಟದ ಹೊತ್ತಿಗೆ ಮಾತ್ರ ತೆಗೆಯುತ್ತಿದ್ದ. ಅದಕ್ಕೇ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಅಲ್ಲೇ ಜೊತೆಗೆ ದುಡಿಯುವ ಜೋರಕ್ಕನ ತಂಗಿ ತುಂಬು ಬಸುರಿ. ಬಾಯಾರಿ ಬಾಯಾರಿ ಮೊನ್ನೆ ಮಿಷನ್ ಮೇಲೇ ಕುಸಿದಳು. ಹೀಗೇ ಆದರೆ ಮಗುವಿಗೆ ಅಪಾಯ ಎಂದರು ಡಾಕ್ಟರು.

ಜೋರಕ್ಕನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಕೋಪ ಮೂಗಿನ ತುದಿಯಲ್ಲೇ.

"ನಾಳೆ ಅವನ ಗ್ರಹಚಾರ ಬಿಡಿಸ್ತೀನಿ," ಎಂದಳು.

"ಬಿಡಿಸು. ಪೊಲೀಸರು ನಿನ್ನ ಕರ್ಕೊಂಡು ಹೋಗ್ತಾರೆ, ಬೀಗ ಅಲ್ಲೇ ಇರುತ್ತೆ," ಎಂದಳು ಪಕ್ಕದ ಮನೆಯ ಕಾಲರಕ್ಕ. ಅಂಗಿಗೆ ಕಾಲರ್ ಕೂರಿಸುವುದು ಅವಳ ಕೆಲಸ. ಹಿಂದೆ ಬೇರೊಂದು ಕಾರ್ಖಾನೆಯಲ್ಲಿ ಹೋರಾಡಿ ಗೆದ್ದವಳು. "ಬೆಳಗ್ಗೆ ಎಲ್ಲರೂ ಬಂದು ಸುಮ್ಮನೆ ಕೂರೋಣ. ಮಿಷನ್ ತುಳಿಯೋದು ಬೇಡ. ಕತ್ತರಿಗಳನ್ನೆಲ್ಲ ಮೊದಲೇ ಬುಟ್ಟಿಗೆ ಹಾಕಿ ಅವನ ಮೇಜಿನ ಮೇಲಿಡೋಣ."

"ಕೈ ಕಟ್ಟಿ ಕೂತ್ರೆ ಬೀಗ ತೆಗೀತಾನಾ? ಅವನೇನು ನಮ್ಮ ಸೋದರಮಾವನಾ?"

"ಅವನಿಗೆ ಬೇಕಾಗಿರೋದೇ ನಮ್ಮ ಕೈ ಕಣೇ. ಅದನ್ನೇ ಕೊಡದಿದ್ರೆ?"

ಜೋರಕ್ಕ ಹೂಂ ಎಂದಳು. ಆದರೆ ಬೆಳಗ್ಗೆ ಎಲ್ಲರ ಕತ್ತರಿ ಬುಟ್ಟಿ ಸೇರಿದಾಗ ತನ್ನದನ್ನು ಸೊಂಟದಲ್ಲೇ ಸಿಕ್ಕಿಸಿಕೊಂಡಳು.

ಮಿಷನ್‌ಗಳು ನಿಂತವು. ಸೂಪರ್‌ವೈಸರ್ ಕೂಗಾಡಿದ, ಕೆಲಸದಿಂದ ತೆಗೆಯುತ್ತೇನೆಂದ. ಯಾರೂ ಏಳಲಿಲ್ಲ, ಎದುರು ಬೈಯಲೂ ಇಲ್ಲ. ಕೊನೆಗೆ ಅವನು ತಂಗಿಯ ನೀರಿನ ಬಾಟಲಿ ಕಿತ್ತುಕೊಂಡು ಅವಳ ಮಡಿಲಿಗೇ ಸುರಿದ. ಜೋರಕ್ಕನ ಕೈ ಸೊಂಟಕ್ಕೆ ಹೋಯಿತು.

"ಬಾಗಿಲ ಹತ್ರ ನೋಡು," ಎಂದಳು ಕಾಲರಕ್ಕ ಮೆಲ್ಲಗೆ. ಅಲ್ಲಿ ಕಾವಲುಗಾರ ಫೋನು ಹಿಡಿದು ವಿಡಿಯೊ ಮಾಡುತ್ತಿದ್ದ. "ನೀನು ಕತ್ತರಿ ಎತ್ತಲಿ ಅಂತಾನೇ ಕಾಯ್ತಿದ್ದಾರೆ."

ಜೋರಕ್ಕ ಕತ್ತರಿ ತೆಗೆದಳು. ತಂಗಿ ಕಣ್ಣು ಮುಚ್ಚಿಕೊಂಡಳು. ಜೋರಕ್ಕ ಎದ್ದು ಹೋಗಿ ಅದನ್ನು ಬುಟ್ಟಿಗೆ ಹಾಕಿದಳು. ವಾಪಸ್ ಬಂದು ತುಂಡುಬಟ್ಟೆಯಿಂದ ತಂಗಿಯ ಮಡಿಲು ಒರೆಸಿದಳು.

ಹೆಂಗಸರ ಗೊಡವೆ ನಮಗೇಕೆ ಎಂದು ಅಲ್ಲಿಯವರೆಗೆ ಇಸ್ತ್ರಿ ಮಾಡುತ್ತಿದ್ದ ಗಂಡಸರು ಇದನ್ನೆಲ್ಲ ನೋಡಿದರು. ಇಸ್ತ್ರಿಪೆಟ್ಟಿಗೆ ಆರಿಸಿ ಬಂದು ಅವರೂ ನೆಲದ ಮೇಲೆ ಕೂತರು. ಅಂಗಿ ತುಂಬಿಕೊಳ್ಳಲು ಬಂದ ಲಾರಿ ಖಾಲಿ ನಿಂತಿತು. ಮರುದಿನವೂ ಅಷ್ಟೇ. ಆಮೇಲೆ ಮಾಲೀಕರೇ ಬಂದು, ಎದುರಿಗೇ ನಿಂತು ಬೀಗ ತೆಗೆಸಿದರು.

"ಏನೇ, ನಿನ್ನ ಕತ್ತರಿ ಬೇಡ್ವಾ?" ಎಂದು ಕಾಲರಕ್ಕ ಕೆಣಕಿದಳು.

"ಇರಲಿ ಬಿಡು. ಮೊದಲು ಇವಳು ನೀರು ಕುಡೀಲಿ."

ತಂಗಿ ಗಟಗಟ ಕುಡಿದಳು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಅನ್ಯಾಯ ಕಂಡರೆ ಸಿಟ್ಟು ಬರಬೇಕು, ಬರಲಿ. ನಿಮ್ಮ ಸೊಂಟದಲ್ಲೂ ಒಂದು ಕತ್ತರಿ ಇದ್ದೀತು. ಅದನ್ನು ಬುಟ್ಟಿಗೆ ಹಾಕಿ ಬನ್ನಿ. ಇಲ್ಲಿ ಧರಣಿ ಕೂತ ನಮ್ಮ ಪಕ್ಕದಲ್ಲಿ ಜಾಗ ಮಾಡಿದ್ದೇವೆ, ಕೂತುಕೊಳ್ಳಿ.