ಮನೆಹೆಸರಿಲ್ಲದ ಸಾವಿನ ಚೀಟಿ

ಆ ಶುಕ್ರವಾರ ನಾನು ಓಂಬ್ರೆತ್ತಾಳ ಪಿಜ್ಜಾ ಹೋಟೆಲಿಗೆ ಹೋದದ್ದು ಪಿಜ್ಜಾ ತಿನ್ನುವುದಕ್ಕಲ್ಲ, ಗಾಸ್ಪರೆಯ ಹತ್ತಿರ ಒಂದು ಮಾತು ಆಡುವುದಕ್ಕೆ. ಗಾಸ್ಪರೆ ನನ್ನ ದೊಡ್ಡಪ್ಪನ ಮಗ. ನನ್ನ ಹೆಸರೂ ಗಾಸ್ಪರೆಯೇ. ಇಬ್ಬರಿಗೂ ಅಜ್ಜನ ಹೆಸರಿಟ್ಟರು; ಅವನು ಫೆಬ್ರವರಿಯಲ್ಲಿ ಹುಟ್ಟಿದ, ಅದೇ ವರ್ಷ ಜೂನಿನಲ್ಲಿ ನಾನು. ನಮ್ಮ ಕಣಿವೆಯಲ್ಲಿ ಅರ್ಧ ಊರೇ ದಲ್ ಪ್ರಾ ಕುಲದ್ದು, ಹಾಗಾಗಿ ಜನ ಗುರುತು ಹಿಡಿಯುವುದು ಮನೆಹೆಸರಿನಿಂದ. ಅಜ್ಜ ಚರ್ಚಿನ ಗಂಟೆ ಹೊಡೆಯುತ್ತಿದ್ದ. ಹಳೇ ಮನೆ ದೊಡ್ಡಪ್ಪನ ಪಾಲಿಗೆ ಬಂತು. ಅವನ ಮಗ ಗಂಟೆಮನೆ ಗಾಸ್ಪರೆ ಆದ. ನಮ್ಮಪ್ಪ ದಿಣ್ಣೆಯ ಮೇಲೆ ಬೇರೆ ಕಟ್ಟಿಕೊಂಡ. ನಾನು ಮೇಲ್ಮನೆ ಗಾಸ್ಪರೆ.

ಹತ್ತೊಂಬತ್ತು ವರ್ಷದ ಹಿಂದೆ ಅಣ್ಣ ಆ ಹಳೇ ಮನೆಯನ್ನು ವಸತಿಗೃಹದವರಿಗೆ ಮಾರಿದ. ಅವರು ಅದನ್ನು ಕೆಡವಿ, ಸ್ಕೀ ಆಡಲು ಬರುವವರ ಕಾರು ನಿಲ್ಲಿಸುವ ಜಾಗ ಮಾಡಿದರು. ಆ ವಾರ ಇದೇ ಓಂಬ್ರೆತ್ತಾಳ ಹೋಟೆಲಿನಲ್ಲಿ, ಎಲ್ಲರೂ ಕೇಳುವ ಹಾಗೆ ನಾನು ಹೇಳಿದೆ, “ಮನೇನೇ ಮಾರ್ಕೊಂಡೋನಿಗೆ ಮನೆಹೆಸರು ಯಾಕೆ? ಇವತ್ತಿಂದ ಇವನು ಬರೀ ಗಾಸ್ಪರೆ.”

ಜನ ನಕ್ಕರು. ನಾನು ಹೆಚ್ಚು ಮಾತಾಡುವವನಲ್ಲ. ನನ್ನ ಮಾತಿಗೆ ಇಡೀ ಹೋಟೆಲು ನಕ್ಕದ್ದು ಅದೊಂದೇ ಸಲ. ಅವನು ಅರ್ಧ ಪಿಜ್ಜಾ ತಟ್ಟೆಯಲ್ಲೇ ಬಿಟ್ಟು ಎದ್ದುಹೋದ. ಕೆಳಗೆ ಫೆಲ್ತ್ರೆ ಪಟ್ಟಣದಲ್ಲಿ ಮಗಳ ಮನೆ ಸೇರಿದ. ಆಮೇಲೆ ನಮ್ಮಿಬ್ಬರ ನಡುವೆ ಒಂದು ಮಾತಿಲ್ಲ.

ಆ ಸೋಮವಾರ ಓಂಬ್ರೆತ್ತಾ ಫೋನ್ ಮಾಡಿದ್ದಳು. “ಮಾವ, ನಿಮ್ಮಣ್ಣ ಬಸ್ಸಲ್ಲಿ ಬಂದಿದ್ರು. ನೀವು ಶುಕ್ರವಾರ ಈಗ್ಲೂ ಬರ್ತೀರಾ ಅಂತ ಕೇಳಿದ್ರು. ಬರ್ತಾರೆ ಅಂದೆ. ಹಾಗಾದ್ರೆ ನಾನೂ ಬರ್ತೀನಿ ಅಂತ ಹೇಳು ಅಂದ್ರು.”

ನಾಲ್ಕು ದಿನ ಹಸುವಿನ ಮುಂದೆ ನಿಂತು ಅಭ್ಯಾಸ ಮಾಡಿದೆ. ತಪ್ಪಾಯ್ತು ಕಣೋ. ಅಷ್ಟೇ ಮಾತು. ಅವನು ಬಾಯಿ ಬಿಡುವ ಮೊದಲೇ ನಾನು ಆಡಿಬಿಡಬೇಕು ಅಂದುಕೊಂಡಿದ್ದೆ.

ಶುಕ್ರವಾರ ಸಂಜೆ ಬಸ್ಸಿಳಿದು ಹೋದಾಗ ಹೋಟೆಲಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಹೊರಗೋಡೆಯ ಮೇಲೆ ಊರಿನ ಸಾವಿನ ಚೀಟಿ ಅಂಟಿಸುವ ಹಲಗೆ ಇದೆ. ಪ್ರವಾಸಿಗಳು ಅದಕ್ಕೇ ಸ್ಕೀ ಹಲಗೆಗಳನ್ನು ಒರಗಿಸಿದ್ದರು. ನಾನು ಬಾಗಿಲು ತಳ್ಳಿ ಒಳಗೆ ಹೋದೆ.

ಓಂಬ್ರೆತ್ತಾ ಎರಡು ಕೈಯಲ್ಲಿ ನಾಲ್ಕು ತಟ್ಟೆ ಹಿಡಿದು ಎದುರಿಗೇ ಬಂದಳು. ನನ್ನ ಮುಖ ನೋಡಿದಳು. ಒಂದು ತಟ್ಟೆ ಮೆಲ್ಲಗೆ ವಾಲಿ, ಪಿಜ್ಜಾ ಜಾರಿ, ಜರ್ಮನ್ ಹೆಂಗಸೊಬ್ಬಳು ನೆಲದ ಮೇಲಿಟ್ಟಿದ್ದ ಹೆಲ್ಮೆಟ್ಟಿನೊಳಗೆ ಬಿತ್ತು. ಒಲೆಯ ಮುಂದೆ ನಿಂತಿದ್ದ ಕಾರ್ಮಿನೆ ನನ್ನನ್ನು ನೋಡಿ, ಪಿಜ್ಜಾ ತೆಗೆಯುವ ಉದ್ದ ಸಲಿಕೆಯನ್ನು ಬಿಟ್ಟು ಒಲೆಯ ಕಬ್ಬಿಣದ ಬಾಗಿಲನ್ನು ಮುಟ್ಟಿದ. ಕೈ ಸುಟ್ಟುಕೊಂಡ. ಆದರೂ ಬಿಡಲಿಲ್ಲ. ಅವನು ದೇಶದ ತೆಂಕಣ ಕಡೆಯವನು, ಅಪಶಕುನ ಕಂಡರೆ ಕಬ್ಬಿಣ ಮುಟ್ಟಲೇಬೇಕು.

“ಯಾಕ್ರೋ?” ಅಂದೆ.

ಮೂಲೆಯ ಮೇಜಿನಿಂದ ಅತಿಲಿಯೊ ಎದ್ದ. ಮೂವತ್ತು ವರ್ಷ ರೋಪ್‌ವೇ ನಡೆಸಿದವನು, ನನ್ನ ಓರಗೆಯವನು. ಹತ್ತಿರ ಬಂದು ನನ್ನ ಕೆನ್ನೆ ಚಿವುಟಿದ. “ಬಿಸಿ ಇದಾನೆ,” ಎಂದು ಎಲ್ಲರಿಗೂ ಹೇಳಿದ. “ಲೋ ಮೇಲ್ಮನೆ, ಅರ್ಧ ಗಂಟೆಯಿಂದ ನಿನ್ನ ಹೆಸರಲ್ಲಿ ಕುಡೀತಿದೀವಿ. ನಿನ್ ಬಗ್ಗೆ ಒಳ್ಳೇ ಮಾತಾಡಿ ಆಡಿ ಗಂಟಲು ಒಣಗಿತ್ತು. ಈಗ ಅಷ್ಟನ್ನೂ ವಾಪಸ್ ತಗೋಬೇಕಲ್ಲೋ.”

“ಮಧ್ಯಾಹ್ನ ಹೊರಗೆ ನಿಮ್ಮ ಚೀಟಿ ಅಂಟಿಸಿ ಹೋದ್ರು ಮಾವ,” ಅಂದಳು ಓಂಬ್ರೆತ್ತಾ. “ನೀವು ಬೇಸಿಗೇಲಿ ಎರಡು ತಿಂಗಳು ಆಸ್ಪತ್ರೇಲಿದ್ರಲ್ಲ, ಅದಕ್ಕೆ ನೀವೇ ಅಂದ್ಕೊಂಡ್ವಿ…”

“ನನಗೊಂದು ಫೋನ್ ಮಾಡೋದಲ್ವೇನೇ?”

“ಸತ್ತೋರಿಗೆ ಯಾರಾದ್ರೂ ಫೋನ್ ಮಾಡ್ತಾರಾ?”

ನಗು ಎದ್ದಿತು. ನಾನೂ ನಕ್ಕೆ. ಯಾರೋ ಬೆನ್ನು ತಟ್ಟಿದರು, ಯಾರೋ ಕುರ್ಚಿ ಎಳೆದರು. ಸತ್ತ ಸುದ್ದಿ ಸುಳ್ಳಾದರೆ ಆಯುಸ್ಸು ಹತ್ತು ವರ್ಷ ಬೆಳೆಯುತ್ತದಂತೆ. “ಆ ಹತ್ತು ವರ್ಷವೂ ಇವನು ಬಾಯಿ ಬಿಡಲ್ಲ ಬಿಡಿ,” ಎಂದ ಅತಿಲಿಯೊ. ನನ್ನ ಮುಂದೆ ಹೊಗೆ ಹಾಕಿದ ಚೀಸು, ಕಾಡಿನ ಅಣಬೆ ಹರಡಿದ ಪಿಜ್ಜಾ ಬಂದು ಕೂತಿತು.

ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡೇ ಕಾರ್ಮಿನೆ ಕೇಳಿದ, “ಹಾಗಾದ್ರೆ ಗೋಡೆ ಮೇಲಿರೋದು ಯಾರು?”

ನಗು ಒಂದೇ ಸಲ ನಿಲ್ಲಲಿಲ್ಲ. ಮೇಜು ಮೇಜಾಗಿ ನಿಂತಿತು. ನಮ್ಮವರೆಲ್ಲ ನನ್ನ ಕಡೆ ನೋಡಿ, ಆಮೇಲೆ ತಟ್ಟೆಯ ಕಡೆ ನೋಡತೊಡಗಿದರು. ನನ್ನ ಎದುರಿನ ಖಾಲಿ ಕುರ್ಚಿಯನ್ನು ಓಂಬ್ರೆತ್ತಾ ಅಣ್ಣನಿಗಾಗಿಯೇ ಇರಿಸಿದ್ದಳು ಎಂದು ಆಗ ಗೊತ್ತಾಯಿತು. ನಾನು ಸತ್ತೆನೆಂದು ತಿಳಿದ ಮೇಲೂ ತೆಗೆದಿರಲಿಲ್ಲ.

ಹೊರಗೆ ಹೋಗಿ ಸ್ಕೀ ಹಲಗೆಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟೆ. ನಾನು ಮೂರನೇ ತರಗತಿಯವರೆಗೆ ಓದಿದವನು, ಅಕ್ಷರ ಕೂಡಿಸಿ ಕೂಡಿಸಿ ಓದಬೇಕು. ಗಾಸ್ಪರೆ. ದಲ್ ಪ್ರಾ. ಎಪ್ಪತ್ತೊಂಬತ್ತು ವರ್ಷ. ಆ ಹೆಸರು, ಆ ವಯಸ್ಸು ಅಂದರೆ ಊರಿನಲ್ಲಿ ನಾವಿಬ್ಬರೇ. ಫೋಟೋ ಇರಲಿಲ್ಲ. ನಮ್ಮ ಕಡೆ ಹೆಸರಿನ ಕೆಳಗೆ ಕಂಸದಲ್ಲಿ ಮನೆಹೆಸರು ಹಾಕುತ್ತಾರೆ, ಅದಿಲ್ಲದ ಚೀಟಿಯನ್ನು ನಾನು ಕಂಡದ್ದೇ ಇಲ್ಲ. ಅಲ್ಲಿ ಬರೀ ಬಿಳಿ ಜಾಗ. ಇನ್ನೊಮ್ಮೆ ಓದಿದೆ. ಅತಿಲಿಯೊ ಬಂದು ತೋಳು ಹಿಡಿದು ಒಳಗೆ ಕೂರಿಸಿದ.

ಸ್ವಲ್ಪ ಹೊತ್ತಿಗೆ ಕಪ್ಪು ಕೋಟಿನ ಹೆಂಗಸೊಬ್ಬಳು ಬಂದಳು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. ನನಗೂ ಅಣ್ಣನಿಗೂ ಮುಖ ಒಂದೇ, ಅಜ್ಜನದು. ಗಾಸ್ಪರೆಯ ಮಗಳು ತಿಜಿಯಾನ. ಕೊನೆಯ ಸಲ ನೋಡಿದಾಗ ಅವಳಿಗೆ ಮೂವತ್ತಿರಬೇಕು.

“ಚಿಕ್ಕಪ್ಪ, ನೀವಿಲ್ಲಿ ಇರ್ತೀರಿ ಅಂತ ಗೊತ್ತಿತ್ತು,” ಎಂದಳು. “ಬುಧವಾರ ಬೆಳಿಗ್ಗೆ ಶೂ ಕಟ್ಕೊಳ್ತಾ ಕೂತೋರು ಹಾಗೇ ವಾಲಿದ್ರು. ಡಾಕ್ಟ್ರು ಬರೋ ಹೊತ್ತಿಗೆ ಮುಗಿದಿತ್ತು. ನಾಳೆ ಮಣ್ಣು ಇಲ್ಲೇ. ಪಾದ್ರಿಗಳನ್ನ ನೋಡ್ಕೊಂಡು ಬಂದೆ.”

ನಾನು ಕಲಿತಿದ್ದ ಮಾತು ಹಾಗೇ ಉಳಿದಿತ್ತು. ಕೇಳುವುದಕ್ಕೆ ಅವನಿರಲಿಲ್ಲ. ಬೇರೆ ಏನೋ ಕೇಳಿದೆ. “ಚೀಟೀಲಿ ಮನೆಹೆಸರು ಯಾಕಮ್ಮಾ ಹಾಕಿಸ್ಲಿಲ್ಲ?”

ಅವಳು ಖಾಲಿ ಕುರ್ಚಿಯಲ್ಲಿ ಕೂತಳು. “ಅಪ್ಪನೇ ಬೇಡ ಅಂದಿದ್ರು. ಈಗಲ್ಲ, ಯಾವಾಗಿಂದ್ಲೋ. ‘ನಾನು ಸತ್ರೆ ಗಂಟೆಮನೆ ಅಂತ ಬರೆಸ್ಬೇಡ. ನನಗದಿಲ್ಲ. ಗಾಸ್ಪರೆ ಎಲ್ರೆದುರು ತೆಗೆದುಹಾಕಿದಾನೆ’ ಅಂತಿದ್ರು. ನಾನು ತಮಾಷೆ ಅಂದ್ಕೊಂಡಿದ್ದೆ.”

ಹತ್ತೊಂಬತ್ತು ವರ್ಷ ನಾನು ಅದನ್ನು ಒಂದು ಕೆಟ್ಟ ಮಾತು ಅಂದುಕೊಂಡಿದ್ದೆ. ಅವನು ಅದನ್ನು ತೀರ್ಪು ಅಂದುಕೊಂಡು ಬದುಕಿದ್ದ.

“ಮತ್ತೆ ಇವತ್ತು ಯಾಕೆ ಬರ್ತೀನಿ ಅಂದಿದ್ದ?”

“ಕೇಳಕ್ಕೆ. ‘ವಯಸ್ಸಾಯ್ತು, ಹೋಗಿ ಆ ಹೆಸರು ವಾಪಸ್ ಕೊಡೋ ಅಂತ ಕೇಳ್ತೀನಿ’ ಅಂದ್ರು.” ಅವಳು ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟಳು. “ನಾನು ಅದಕ್ಕೇ ಬಂದೆ. ಅವರ ಬದ್ಲು ನಾನು ಕೇಳ್ತಿದೀನಿ. ಕೊಟ್ರೆ ನಾಳೆ ಚೀಟಿ ಬದಲಾಯಿಸ್ತೀನಿ. ಆದ್ರೆ ನನ್ ಕಿವೀಲಿ ಹೇಳ್ಬೇಡಿ. ತೆಗೆದಾಗ ಹೇಗೆ ಹೇಳಿದ್ರೋ ಹಾಗೆ ಹೇಳಿ.”

ನಾನು ಎದ್ದೆ. ಮೇಜು ಹಿಡಿದು ನಿಂತೆ. ನಮ್ಮೂರಿನವರು ಹನ್ನೆರಡು ಜನ ಇರಬಹುದು, ಉಳಿದ ಮೇಜುಗಳೆಲ್ಲ ಪ್ರವಾಸಿಗಳದ್ದು. ಮುದುಕನೊಬ್ಬ ಎದ್ದು ನಿಂತದ್ದು ಕಂಡು ಅವರು ಒಬ್ಬರಿಗೊಬ್ಬರು ಸುಮ್ಮನಿರಲು ಹೇಳಿ, ಬಿಯರ್ ಲೋಟ ಹಿಡಿದು ನಗುಮುಖದಿಂದ ಕಾದರು. ನಾನು ಹಾಡುತ್ತೇನೆ ಅಂದುಕೊಂಡರೇನೋ.

“ಗಂಟೆಮನೆ ಗಾಸ್ಪರೆ ಸತ್ತ,” ಎಂದೆ. “ನನ್ನಣ್ಣ. ಗಂಟೆಮನೆಯವನು.”

ನನ್ನ ಮಾತು ಮುಗಿಯುವ ಮೊದಲೇ ನಮ್ಮವರು ಎದ್ದು ನಿಂತರು. ಅವರು ಎದ್ದದ್ದು ನೋಡಿ ಪ್ರವಾಸಿಗಳೂ ಎದ್ದು, ಲೋಟ ಮೇಲೆತ್ತಿ, ಜರ್ಮನ್ನರು ಕುಡಿಯುವ ಮುಂಚೆ ಅನ್ನುವ ಹಾಗೆ “ಪ್ರೋಸ್ಟ್” ಎಂದು ಒಟ್ಟಿಗೆ ಕೂಗಿದರು. ಲೋಟಗಳು ಒಂದಕ್ಕೊಂದು ತಾಗಿದ ಸದ್ದು ಹೋಟೆಲಿನ ತುಂಬ ಆಯಿತು. ಓಂಬ್ರೆತ್ತಾ ಕೈ ಬೀಸಿ ಅವರನ್ನು ತಡೆಯಲು ನೋಡಿದಳು, ಅವರು ಅವಳಿಗೂ ಲೋಟ ಎತ್ತಿದರು.

ತಿಜಿಯಾನ ತಲೆ ಅಲ್ಲಾಡಿಸಿದಳು. “ಕೇಳಿಸ್ಲಿಲ್ಲ ಚಿಕ್ಕಪ್ಪ.”

ಸದ್ದು ಅಡಗುವವರೆಗೆ ಕಾದು, ನಾನು ಇನ್ನೊಂದು ಸಲ ಹೇಳಿದೆ.