ದೇವೀರಪ್ಪ ಸತ್ತದ್ದು ಯಾತರಿಂದ

ಕಾಂತಮ್ಮನ ಅಜ್ಜಿ ಯುದ್ಧದ ಕತೆ ಹೇಳಿದ ಮೇಲೆ ಮಕ್ಕಳನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಜಗಳ ಹುಟ್ಟಿದ್ದು ಯಾತಕ್ಕೆ, ಗೆದ್ದವರು ಯಾರು, ಸೋತವರು ಯಾರು ಎಂದು ಕೇಳುತ್ತಿದ್ದಳು. ಸರಿಯಾಗಿ ಹೇಳಿದವರಿಗೆ ಮಾತ್ರ ಹುರಿಗಡಲೆ, ಬೆಲ್ಲ. ಒಂದು ಹಸುವಿಗಾಗಿ ಇಬ್ಬರು ಪಾಳೇಗಾರರು ಕಾದಾಡಿದ ಕತೆಯಲ್ಲಿ, ತಲೆ ಹೋದ ಪಾಳೇಗಾರನೇ ಸೋತವನು ಎಂದು ಕಾಂತಮ್ಮ ಹೇಳಿದ್ದಳು. ಅಜ್ಜಿ ಬೆಲ್ಲದ ಡಬ್ಬಿಯ ಮುಚ್ಚಳ ಹಾಕಿಬಿಟ್ಟಳು.

"ಅವನಿಗೆ ಕೆರೆ ಏರಿ ಮೇಲೆ ವೀರಗಲ್ಲು ನಿಲ್ಲಿಸಿದ್ರು ಕಣೇ. ಹಸ ಈಟಿ ತಗಲಿ ಸತ್ತೋಯ್ತು. ಅದರ ಕರ ಏನಾಯ್ತು ಅಂತ ಯಾರಾದ್ರೂ ಕೇಳಿದ್ರಾ?"

ಆ ಕರುವನ್ನು ಕಾಂತಮ್ಮ ಎಷ್ಟೋ ದಿನ ಮರೆತಿರಲಿಲ್ಲ. ದನ ಮೇಯುವ ಅಮೃತಮಹಲ್ ಕಾವಲಿನ ಕಡೆಯಿಂದ ಸಂಜೆ ದನಗಳ ಕೂಗು ಕೇಳಿದರೆ, ಇದೇ ಅದು ಎಂದುಕೊಂಡು ಹೊಸಿಲ ಮೇಲೆ ಕೂತುಬಿಡುತ್ತಿದ್ದಳು. ಆಮೇಲೆ ಮದುವೆಯಾಯಿತು, ಗಂಡ ಯುದ್ಧಕ್ಕೆ ಹೋದ, ಕರುವಿನ ವಿಷಯ ತಾನಾಗಿಯೇ ಹಿಂದೆ ಸರಿಯಿತು.

ಗಂಡ ದೇವೀರಪ್ಪ ಬ್ರಿಟಿಷರ ಸೇನೆಯ ಪಟಾಲಮ್ಮಿಗೆ ಸೇರಿದ್ದು ನಲವತ್ತೊಂದನೇ ಇಸವಿಯಲ್ಲಿ. ಅವನಾಗಿ ಸೇರಿದ್ದೇನಲ್ಲ. ಕಡೂರಿನ ಕೊಬ್ಬರಿ ಮಂಡಿಯ ತೀರ್ಥಪ್ಪ ಸಾಹುಕಾರ ಅಜ್ಜಂಪುರದ ಸಂತೆಗೆ ಲಾರಿ ತಂದು, ತಮಟೆ ಹೊಡೆಸಿ, ಬೂಟು ಕೊಡ್ತಾರೆ, ಬ್ರೆಡ್ಡು ಕೊಡ್ತಾರೆ, ಊರಿಗೆ ಹೆಸರು ಬರ್ತದೆ ಎಂದು ಭಾಷಣ ಮಾಡಿದ. ಇಬ್ಬರು ಗಂಡಸರಿರುವ ಮನೆಯಿಂದ ಒಬ್ಬನಾದರೂ ಬರಬೇಕು ಎಂದು ಪಟೇಲನ ಕೈಲಿ ಹೇಳಿಸಿದ. ಅಣ್ಣ ಈರಭದ್ರಪ್ಪನ ಹೆಂಡತಿ ಆಗಷ್ಟೇ ಹೆತ್ತು, ಬಾಣಂತಿಯಾಗಿಯೇ ತೀರಿಕೊಂಡಿದ್ದಳು. ಕೂಸನ್ನು ಬಿಟ್ಟು ಅಣ್ಣ ಹೋಗುವುದು ಹೇಗೆಂದು ತಮ್ಮ ಲಾರಿ ಹತ್ತಿದ. ಕೂಸು ಕಾಂತಮ್ಮನ ಮಡಿಲಿಗೆ ಬಂತು. ಅವಳೇ ಹಾಲಮ್ಮ.

ಯುದ್ಧ ಮುಗಿದು ನಲವತ್ತಾರರಲ್ಲಿ ಉಳಿದವರು ಹಿಂತಿರುಗಿದರು. ದೇವೀರಪ್ಪ ಬರಲಿಲ್ಲ. ಸತ್ತನೆಂದು ಸರ್ಕಾರ ಹೇಳಲಿಲ್ಲ, ಇದ್ದಾನೆಂದು ಯಾರೂ ಹೇಳಲಿಲ್ಲ. ಕಾಂತಮ್ಮ ಕುಂಕುಮ ಇಟ್ಟುಕೊಂಡು, ಬಳೆ ತೊಟ್ಟುಕೊಂಡು, ಭಾವನ ಮನೆಯ ಒಲೆ ಉರಿಸಿಕೊಂಡು ಇದ್ದುಬಿಟ್ಟಳು.

ಈಗ ಐವತ್ತೆಂಟನೇ ಇಸವಿ. ಹಾಲಮ್ಮನಿಗೆ ತರೀಕೆರೆಯಿಂದ ಗಂಡು ಗೊತ್ತಾಗಿತ್ತು. ಗಂಡಿನ ತಾಯಿ ಅಂಬಮ್ಮ ಮನೆ ನೋಡಿ, ಹೆಣ್ಣು ನೋಡಿ, ಕಡೆಗೆ ಕಾಂತಮ್ಮನ ಹಣೆ ನೋಡಿದಳು. ಕಾಣೆಯಾದವನು ಹನ್ನೆರಡು ವರ್ಷ ಬರದಿದ್ದರೆ ದರ್ಭೆಯ ಗೊಂಬೆ ಮಾಡಿ ಸುಟ್ಟು ಕರ್ಮ ಮುಗಿಸುವುದು ಪದ್ಧತಿ. ಅದು ಮುಗಿಯದ ಮನೆಯಿಂದ ಹೆಣ್ಣು ತರುವುದು ಹೇಗೆ ಎಂದು ತಣ್ಣಗೆ ಕೇಳಿ ಬಸ್ಸು ಹತ್ತಿದಳು.

ಕರ್ಮ ಆಯಿತೆಂದರೆ ಕಾಂತಮ್ಮ ವಿಧವೆ. ಬಳೆ ಒಡೆಯಬೇಕು. ಎದೆಯ ಮೇಲೆ ಮಲಗಿಸಿ ಸಾಕಿದ ಹುಡುಗಿಗೆ ಅರಿಶಿನ ಹಚ್ಚುವ ಹಾಗಿಲ್ಲ, ಹಸೆಮಣೆಯ ಹತ್ತಿರ ಸುಳಿಯುವ ಹಾಗಿಲ್ಲ. ಮದುವೆ ನಡೆಯಬೇಕಾದರೆ ಅವಳು ಮದುವೆಯಿಂದ ಆಚೆ ಹೋಗಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ರಾಮಸ್ವಾಮಿ ಜೋಯಿಸರು ಬಂದು ಜಗಲಿಯಲ್ಲಿ ಕೂತು ಪಂಚಾಂಗ ನೋಡಿದರು. ದರ್ಭೆಯಲ್ಲಿ ಮೈ ಕಟ್ಟಬೇಕು, ತಲೆಗೆ ಒಂದು ತೆಂಗಿನಕಾಯಿ ಇಡಬೇಕು ಎಂದರು. ಆಮೇಲೆ ಒಂದು ಮಾತು ಕೇಳಿದರು. ಇದು ಮನೆಯಲ್ಲಿ ಮಲಗಿ ಸತ್ತ ಸಾವಲ್ಲ. ನೀರೋ, ಬೆಂಕಿಯೋ, ಆಯುಧವೋ, ಜ್ವರವೋ, ಯಾತರಿಂದ ಸತ್ತನೆಂದು ಸಂಕಲ್ಪದಲ್ಲಿ ಹೇಳಬೇಕು, ತಪ್ಪು ಹೇಳಿದರೆ ಪಿಂಡ ಅವನಿಗೆ ಮುಟ್ಟುವುದಿಲ್ಲ. ಈರಭದ್ರಪ್ಪ, ಯುದ್ಧಕ್ಕೆ ಹೋದವನಲ್ಲವೆ, ಆಯುಧ ಅಂತ ಹೇಳಿಬಿಡಿ ಎಂದ.

ಬಾಗಿಲ ಹಿಂದೆ ನಿಂತಿದ್ದ ಕಾಂತಮ್ಮ ಈಚೆ ಬಂದಳು.

"ಹೇಳಿಬಿಡಿ ಅಂದ್ರೆ ಹೆಂಗೆ ಭಾವ? ನಾನು ಕೇಳ್ಕೊಂಡು ಬತ್ತೀನಿ. ಅಲ್ಲೀಗಂಟ ಯಾರೂ ದರ್ಭೆ ಕುಯ್ಯಬೇಡಿ."

ಮೊದಲು ಹೋದದ್ದು ಅಜ್ಜಂಪುರದ ಕೃಷ್ಣಸ್ವಾಮಿ ಮೇಷ್ಟ್ರ ಮನೆಗೆ. ಒಳ್ಳೆಯ ಮನುಷ್ಯ. ಮಣೆ ಹಾಕಿಸಿದರು, ಕಾಫಿ ಕೊಡಿಸಿದರು. ಆ ಯುದ್ಧ ಹುಟ್ಟಿದ್ದು ಯಾತಕ್ಕೆ ಎಂದು ಅವಳು ಕೇಳಿದಾಗ ತರಗತಿಯಲ್ಲಿ ಹೇಳುವ ಹಾಗೇ ಹೇಳುತ್ತಾ ಹೋದರು. ಹಿಂದಿನ ಯುದ್ಧದಲ್ಲಿ ಸೋತವರಿಗಾದ ಅವಮಾನ, ದುಡ್ಡು ಕಾಗದವಾಗಿ ಹೋದದ್ದು, ಒಬ್ಬ ಹುಚ್ಚನ ಮಾತಿಗೆ ಒಂದು ದೇಶವೇ ಚಪ್ಪಾಳೆ ಹೊಡೆದದ್ದು, ಪೂರ್ವದಲ್ಲಿ ಜಪಾನಿನವರಿಗೆ ಎಣ್ಣೆ ಬೇಕಾದದ್ದು, ರಬ್ಬರು ಬೇಕಾದದ್ದು. ಈ ಕಡೆಯ ಹುಡುಗರನ್ನು ಕಳಿಸಿದ್ದ ಸಿಂಗಾಪುರವನ್ನು ಗೋಡೆಯ ಭೂಪಟದಲ್ಲಿ ಬೆರಳಿಟ್ಟು ತೋರಿಸಿದರು. ಒಂದು ಅಕ್ಕಿಕಾಳಿನಷ್ಟೂ ಇರಲಿಲ್ಲ.

ಕಾಂತಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಅಜ್ಜಿಯ ಕತೆಗಿಂತ ಈ ಕತೆ ದೊಡ್ಡದು, ಹಸುವಿನ ಬದಲು ರಬ್ಬರು, ಅಷ್ಟೇ ಎನಿಸಿತು.

"ಇಷ್ಟು ಕಾರಣ ಹೇಳಿದ್ರಲ್ಲ ಮೇಷ್ಟ್ರೇ, ಇದ್ರಾಗೆ ನಮ್ಮ ಮನೆಯವರದು ಯಾವುದು?"

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿಕೊಂಡರು. "ನಿಮ್ಮ ಮನೆಯವರದು ಯಾವುದೂ ಇಲ್ಲ ತಾಯಿ," ಎಂದರು.

ದೇವೀರಪ್ಪನ ಜೊತೆ ಅದೇ ಲಾರಿ ಹತ್ತಿದ್ದ ಅಂಜಿನಪ್ಪ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆಯ ಕೆಲಸದಲ್ಲಿದ್ದಾನೆಂದು ಮೇಷ್ಟ್ರಿಂದಲೇ ತಿಳಿಯಿತು. ಮರುದಿನ ಹಾಲಮ್ಮನನ್ನು ಕರೆದುಕೊಂಡು ತರೀಕೆರೆಯಲ್ಲಿ ಬಸ್ಸು ಬದಲಾಯಿಸಿ ಹೋದಳು. ಅಂಜಿನಪ್ಪ ಜಲ್ಲಿ ಸಾಗಿಸುವ ಲಾರಿಯ ಚಕ್ರದ ನೆರಳಿನಲ್ಲಿ ಕೂತು ಮುದ್ದೆ ಉಣ್ಣುತ್ತಿದ್ದ. ಅವಳನ್ನು ನೋಡಿದವನೇ ಕೈ ತೊಳೆದುಬಿಟ್ಟ. ಅರ್ಧ ಮುದ್ದೆ ತಟ್ಟೆಯಲ್ಲೇ ಉಳಿಯಿತು.

ಯಾತಕ್ಕೆ ಬಂದಳೆಂದು ಕೇಳಿಕೊಂಡ. ಆಮೇಲೆ ತಡವರಿಸದೆ ಹೇಳಿದ. ಸಿಂಗಾಪುರದಲ್ಲಿ ಸೋತೆವು ಎಂದು ಅವರಿಗೆ ಗೊತ್ತಾದದ್ದು ಮಾರನೆಯ ದಿನವಂತೆ. ದೊಡ್ಡ ದೊರೆಗಳು ಮೇಜಿನ ಮುಂದೆ ಕೂತು ಇವರನ್ನೆಲ್ಲ ಬರೆದುಕೊಟ್ಟುಬಿಟ್ಟಿದ್ದರು. ಕೋವಿ ಕೆಳಗಿಡಿ ಎಂದರು, ಇಟ್ಟರು. ಕೆಲವರು ದೇಶ ಬಿಡಿಸುತ್ತೇವೆಂದು ಹೊಸ ಸೇನೆಗೆ ಹೋದರು. ಉಳಿದವರಲ್ಲಿ ಇವರಿಬ್ಬರನ್ನೂ ಜಪಾನಿನವರು ಹಡಗಿನ ಹೊಟ್ಟೆಗೆ ತುಂಬಿ ಕಾಡಿನ ಒಂದು ದ್ವೀಪಕ್ಕೆ ಒಯ್ದರು, ವಿಮಾನ ಇಳಿಯುವ ಬಯಲು ಸಮಮಾಡಲು. ಮೊದಮೊದಲು ಅನ್ನ ಸಿಕ್ಕಿತು. ಆಮೇಲೆ ಹಡಗು ಬರುವುದು ನಿಂತಿತು.

"ಹುಲ್ಲು ತಿಂದೋ ಅತ್ತಿಗೆ. ಬಸವನಹುಳ ತಿಂದೋ. ದೇವೀರ ದಿನಾ ಸಂಜೆ ಕಣ್ಣು ಮುಚ್ಕೊಂಡು, ನಮ್ಮನೇಲಿ ಈಗ ಮುದ್ದೆ ತೊಳಸ್ತಾ ಇರ್ತಾಳೆ ಅನ್ನೋನು. ಗುಂಡು ತಗಲಲಿಲ್ಲ, ಜ್ವರ ಬರಲಿಲ್ಲ. ಹಸಕೊಂಡು ಸತ್ತ."

ಹಿಂತಿರುಗಿದವನು ಆಗಲೇ ಯಾಕೆ ಹೇಳಲಿಲ್ಲ ಎಂದು ಹಾಲಮ್ಮ ಸಿಟ್ಟಿನಿಂದ ಕೇಳಿದಳು.

ಬಂದ ಕೂಡಲೇ ಗೆದ್ದ ದೊರೆಗಳು ನೀನು ಯಾವ ಕಡೆ ಇದ್ದೆ ಎಂದು ತಿಂಗಳುಗಟ್ಟಲೆ ವಿಚಾರಣೆ ಮಾಡಿದರಂತೆ. ಕಡೆಗೆ ರಾಜನ ತಲೆಯಿರುವ ಒಂದು ಬಿಲ್ಲೆ ಕೊಟ್ಟು ಕಳಿಸಿದರಂತೆ. ಅದನ್ನು ಮನೆಯಲ್ಲಿ ಎಮ್ಮೆಯ ಕೊರಳಿಗೆ ಕಟ್ಟಿದ್ದಾನಂತೆ. ಇದನ್ನೆಲ್ಲ ಹೇಳಿ ತಲೆ ತಗ್ಗಿಸಿದ.

"ನಾನು ಬಾಯಿ ಬಿಟ್ರೆ ನಿಮ್ಮ ಚಿಕ್ಕವ್ವನ ಬಳೆ ಹೋಗ್ತಿತ್ತು ಕಣವ್ವಾ. ಅವನಂತೂ ಹೋದ. ಅದಾದ್ರೂ ಇರ್ಲಿ ಅಂತ ಸುಮ್ಕಿದ್ದೆ."

ಬಸ್ಸಿನಲ್ಲಿ ಕಾಂತಮ್ಮ ಅಳಲಿಲ್ಲ. ಕಿಟಕಿಯ ಆಚೆ ಗದ್ದೆಗಳು ಹಿಂದಕ್ಕೆ ಹೋಗುತ್ತಿದ್ದವು, ತೆನೆ ಬಾಗಿದ ಗದ್ದೆಗಳು. ದೇವೀರಪ್ಪ ರಾಗಿ ಬೆಳೆಯುವವನ ಮಗ. ಅವನು ಕಣ್ಣು ಮುಚ್ಚಿ ಕೂತಿದ್ದ ಆ ಸಂಜೆಗಳಲ್ಲಿ ಅವಳು ನಿಜವಾಗಿಯೂ ಮುದ್ದೆ ತೊಳಸುತ್ತಿದ್ದಳೆ? ಇಲ್ಲ, ತೊಳಸುತ್ತಿರಲಿಲ್ಲ. ಆ ವರ್ಷಗಳಲ್ಲಿ ಮನೆಯಲ್ಲೇ ರಾಗಿ ಇರಲಿಲ್ಲ. ಯುದ್ಧಕ್ಕೆ ಬೇಕೆಂದು, ಸರ್ಕಾರಕ್ಕೆ ಕೊಡಲೇಬೇಕಾದ ಲೆವಿಯ ಹೆಸರಿನಲ್ಲಿ, ಕಣದಿಂದಲೇ ಅಳೆದುಕೊಂಡು ಹೋಗಿದ್ದರು. ಅಳೆಸಿಕೊಂಡವನು ಯಾರೆಂದು ನೆನಪಾದಾಗ ಅವಳ ಬೆನ್ನು ನೆಟ್ಟಗಾಯಿತು.

ಕರ್ಮದ ಸಾಮಾನು ತರಲು ಈರಭದ್ರಪ್ಪ ಕಡೂರಿಗೆ ಹೊರಟ ದಿನ, ನಾನೂ ಬತ್ತೀನಿ ಎಂದು ಅವಳು ರೈಲು ಹತ್ತಿದಳು. ತೀರ್ಥಪ್ಪ ಸಾಹುಕಾರನ ಮಂಡಿಯ ಮೇಲೆ ಈಗ ಮಹಡಿಮನೆ ಎದ್ದಿತ್ತು. ಗೋಡೆಯಲ್ಲಿ ಎರಡು ಪಟಗಳಿದ್ದವು. ಒಂದರಲ್ಲಿ ಸಾಹುಕಾರ ಬಿಳಿ ದೊರೆಯ ಕೈಯಿಂದ ಶಾಲು ಹೊದೆಸಿಕೊಳ್ಳುತ್ತಿದ್ದ, ಇನ್ನೊಂದರಲ್ಲಿ ಖಾದಿ ಟೋಪಿಯವರ ಕೈಯಿಂದ. ಎರಡರಲ್ಲೂ ಅದೇ ನಗು.

ಸಾಹುಕಾರ ಅವಳನ್ನು ಚೆನ್ನಾಗಿಯೇ ಮಾತಾಡಿಸಿದ. ಅವನಿಗೆ ಹಳೆಯ ದಿನಗಳ ಮಾತೆಂದರೆ ಖುಷಿ. ಯುದ್ಧದಲ್ಲಿ ಕೊಬ್ಬರಿಗೆ ಬಂದ ಬೆಲೆ ಮತ್ತೆ ಬರಲೇ ಇಲ್ಲ, ಉಗ್ರಾಣದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ, ಮಹಡಿಗೆ ಪಾಯ ತೋಡಿದ್ದು ಆ ವರ್ಷವೇ ಎಂದ. ಲೆವಿ ರಾಗಿಯೂ ಇಲ್ಲೇ ಇತ್ತಲ್ಲವೆ ಎಂದು ಅವಳು ಕೇಳಿದಳು. ಇತ್ತು, ಮೇಲಿನ ಚೀಲ ಯುದ್ಧಕ್ಕೆ ಹೋಯಿತು, ಕೆಳಗಿನವು ಹೋಗಲೇ ಇಲ್ಲ, ಯಾರು ಲೆಕ್ಕ ನೋಡ್ತಾರೆ ಎಂದು ನಕ್ಕ. ಅವನಿಗೆ ನಾಚಿಕೆಯಿರಲಿ, ಅನುಮಾನವೂ ಬರಲಿಲ್ಲ. ದೇವೀರಪ್ಪ ನಮ್ಮ ಕಡೆಯ ವೀರ ಎಂದು ಹೇಳಿ, ಗೊಂಬೆಯ ತಲೆಗೆ ಒಳ್ಳೆಯ ಕಾಯಿಯನ್ನು ತಾನೇ ಆರಿಸಿಕೊಟ್ಟ. ಕರ್ಮಕ್ಕೆ ತಾನೂ ಬರುತ್ತೇನೆ ಎಂದ. ಈರಭದ್ರಪ್ಪ ಎರಡೂ ಕೈ ಜೋಡಿಸಿದ.

ಗೆದ್ದವರು ಯಾರು ಎಂಬ ಅಜ್ಜಿಯ ಪ್ರಶ್ನೆಗೆ ಉತ್ತರ ಕಾಂತಮ್ಮನ ಎದುರಿಗೇ ಗಾದಿಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿತ್ತು.

ಕೆರೆಯ ದಡದಲ್ಲಿ ಬಾಳೆಲೆಯ ಮೇಲೆ ದರ್ಭೆಯ ದೇವೀರಪ್ಪ ಮಲಗಿದ. ಎಷ್ಟು ಸಣ್ಣಗಿದ್ದ. ಇಷ್ಟೇ ಉಳಿದಿದ್ದನೇನೋ ಕಡೆಗೆ ಎಂದುಕೊಂಡಾಗ ಕಾಂತಮ್ಮನಿಗೆ ಅಲ್ಲೇ ಕೂರಬೇಕೆನಿಸಿತು. ತೀರ್ಥಪ್ಪನಿಗೆ ಮರದ ಕೆಳಗೆ ಕುರ್ಚಿ ಹಾಕಿದ್ದರು. ಅಂಬಮ್ಮ ತರೀಕೆರೆಯಿಂದ ಬಂದು ಹೆಂಗಸರ ನಡುವೆ ನಿಂತಿದ್ದಳು. ಬಳೆ ಒಡೆಯಲು ಕಲ್ಲು ತೊಳೆದಿಟ್ಟಿದ್ದರು.

ಜೋಯಿಸರು ಯಾತರಿಂದ ಎಂದು ಕೇಳಿದರು.

"ಹಸಿವಿನಿಂದ," ಎಂದಳು ಕಾಂತಮ್ಮ.

ಗುಂಪಿನಲ್ಲಿ ಗುಜುಗುಜು ಎದ್ದಿತು. ಈರಭದ್ರಪ್ಪ ಹತ್ತಿರ ಬಂದು, ಉಳುವವರ ಮನೆಯ ಮಗ ಹಸಿದು ಸತ್ತ ಎಂದರೆ ಮಾನ ಹೋಗ್ತದೆ, ಬೀಗರ ಮುಂದೆ ಬೇಡ, ಆಯುಧ ಅಂದುಬಿಡು ಎಂದು ಪಿಸುಗುಟ್ಟಿದ. ತೀರ್ಥಪ್ಪ ಕುರ್ಚಿಯಿಂದಲೇ, ವೀರಮರಣ ಅನ್ನಿ ಜೋಯಿಸರೇ, ಕೇಳೋದಕ್ಕೂ ಚೆಂದ ಎಂದ.

ಕಾಂತಮ್ಮ ಬಗ್ಗಿ ಗೊಂಬೆಯ ತಲೆಯ ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಮರದ ಕೆಳಗೆ ಹೋಗಿ ಅದನ್ನು ತೀರ್ಥಪ್ಪನ ಮಡಿಲಿಗೆ ಹಾಕಿದಳು.

"ನಮ್ಮ ಕಣದ ರಾಗಿ ನಿಮ್ಮ ಉಗ್ರಾಣದಾಗಿತ್ತು, ನಮ್ಮ ಮನೆಯವರು ಅಲ್ಲಿ ಹುಲ್ಲು ತಿಂದ್ರು. ನಿಮಗೆ ಬಿಳೀ ದೊರೆ ಶಾಲು ಹೊದೆಸಿದ, ಅವನು ಹೋದ ಮೇಲೆ ಬಂದೋರೂ ಹೊದೆಸಿದ್ರು. ಯಾರು ಗೆದ್ರೂ ನೀವು ಗೆದ್ರಿ ಸಾವ್ಕಾರ್ರೇ. ಹಸಿದು ಸತ್ತೋರಿಗೆ ನಿಮ್ಮ ಕಾಯಿ ತಲೆ ಬ್ಯಾಡ."

ಸಾಹುಕಾರ ಏನೋ ಹೇಳಲು ಬಾಯಿ ತೆರೆದ. ಅವಳು ಆಗಲೇ ತಿರುಗಿದ್ದಳು.

"ಅವರು ಸತ್ತಿದ್ದಾರೆ, ನಂಗೊತ್ತು. ಕೊಳ್ಳಿ ಇಡಿ, ನಾನೂ ಅಳ್ತೀನಿ. ಆದ್ರೆ ಈ ಬಳೆ ಒಡೆಯಲ್ಲ. ಜಗಳ ಹೂಡಿದೋರ ಮೈಮೇಲಿನದು ಏನೂ ಹೋಗಲಿಲ್ಲ. ನಾನು ಇಷ್ಟು ವರ್ಷ ಕಳಕೊಂಡದ್ದು ಸಾಲದಾ? ಇನ್ನೂ ಕಳಕೋಬೇಕಾ?"

ಅಂಬಮ್ಮ, ಹಾಗಾದರೆ ಹುಡುಗಿಗೆ ಅರಿಶಿನ ಹಚ್ಚುವವರು ಯಾರು ಎಂದು ಕೇಳಿದಳು. ಹಾಲಮ್ಮ ಚಿಕ್ಕವ್ವನ ಪಕ್ಕಕ್ಕೆ ಬಂದು ನಿಂತಳು. ಮದುವೆ ಮುರಿಯಬಹುದೆಂದು ಅವಳಿಗೆ ಗೊತ್ತಿತ್ತು, ಗಂಡು ಅವಳಿಗೆ ಒಪ್ಪಿಗೆಯಾಗಿಯೂ ಇತ್ತು.

"ಚಿಕ್ಕವ್ವ ಹಚ್ಚುತ್ತೆ. ಇಲ್ದಿದ್ರೆ ನಾನು ಹಸೆಮಣೆ ಹತ್ತಲ್ಲ."

ಗೊಂಬೆ ತಲೆಯಿಲ್ಲದೆ ಮಲಗಿತ್ತು. ಜೋಯಿಸರು ಕಾಯುತ್ತಾ ಕೂತರು. ಈರಭದ್ರಪ್ಪ ಅದನ್ನೇ ನೋಡುತ್ತಾ ನಿಂತವನು ಇದ್ದಕ್ಕಿದ್ದಂತೆ ಮನೆಯ ಕಡೆ ನಡೆದ. ಬರುವಾಗ ಅವನ ಕೈಯಲ್ಲಿ ಹಿತ್ತಲ ಮರದ ಕಾಯಿಯಿತ್ತು, ಸಣ್ಣದು, ಸಿಪ್ಪೆಯನ್ನು ಸರಿಯಾಗಿ ಸುಲಿದೂ ಇರಲಿಲ್ಲ. ಅದನ್ನು ತಮ್ಮನ ತಲೆಯ ಜಾಗದಲ್ಲಿ ಇಟ್ಟ.

"ಆ ಲಾರಿ ನಾನು ಹತ್ತಬೇಕಾಗಿತ್ತು," ಎಂದ. "ಹಸಿವು ಅಂತಲೇ ಹೇಳಿ ಜೋಯಿಸರೇ."

ಜೋಯಿಸರು ತಲೆಯಾಡಿಸಿ ಸಂಕಲ್ಪದಲ್ಲಿ ಕ್ಷುಧೆ ಎಂಬ ಮಾತನ್ನು ಸೇರಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಬೆಂಕಿ ಹತ್ತಿತು. ಆಗ ಕಾಂತಮ್ಮ ಅತ್ತಳು, ಹದಿನೇಳು ವರ್ಷ ಅಳದೇ ಇಟ್ಟುಕೊಂಡದ್ದನ್ನೆಲ್ಲ. ಅಳುವಾಗ ಎದೆ ಬಡಿದುಕೊಂಡ ಕೈಗಳಲ್ಲಿ ಬಳೆಗಳು ಸದ್ದು ಮಾಡುತ್ತಿದ್ದವು. ತೊಳೆದಿಟ್ಟ ಕಲ್ಲು ಹಾಗೇ ಒಣಗಿತು.

ಅಂಬಮ್ಮ ಅಂದು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಒಂದು ತಿಂಗಳು ತರೀಕೆರೆಯಿಂದ ಸುದ್ದಿಯಿಲ್ಲ. ಆ ತಿಂಗಳು ಹಾಲಮ್ಮ ಊಟ ಮಾಡಿದ್ದು ಅಷ್ಟಕ್ಕಷ್ಟೆ, ಕಾಂತಮ್ಮ ನಿದ್ದೆ ಮಾಡಿದ್ದೂ ಅಷ್ಟಕ್ಕಷ್ಟೆ. ಕಡೆಗೊಂದು ದಿನ, ಯುಗಾದಿ ಕಳೆದ ಮೇಲಿನ ಲಗ್ನ ನೋಡಿಸಿ ಎಂದು ಗಂಡಿನ ಕಡೆಯಿಂದ ಆಳು ಬಂದ. ಒಪ್ಪಿದ್ದು ಯಾಕೆಂದು ಯಾರೂ ಕೇಳಲಿಲ್ಲ. ಅರಿಶಿನದ ದಿನ ಕಾಂತಮ್ಮ ಹುಡುಗಿಯ ಕೆನ್ನೆಗೆ ಕೈ ಹಚ್ಚಿದಾಗ ಅಂಬಮ್ಮ ಕಂಬದ ಕಡೆ ನೋಡುತ್ತಿದ್ದಳು, ಅಷ್ಟೆ.

ಮದುವೆಯ ಹಿಂದಿನ ದಿನ ಕಡೂರಿನಿಂದ ತೀರ್ಥಪ್ಪ ಸಾಹುಕಾರ ಕಳಿಸಿದ ಒಂದು ಚೀಲ ತೆಂಗಿನಕಾಯಿ ಅಜ್ಜಂಪುರದ ಸ್ಟೇಷನ್ನಿಗೆ ಬಂದಿಳಿಯಿತು. ಈರಭದ್ರಪ್ಪ ಗಾಡಿ ಹೂಡಿಕೊಂಡು ಹೋದ. ಹೊಲಿಗೆ ಬಿಚ್ಚದೆ ಅದನ್ನು ಕಡೂರಿಗೆ ಹೋಗುವ ಮುಂದಿನ ರೈಲಿಗೆ ಹಾಕಿಸಿ, ಬರಿಗಾಡಿ ಹೊಡೆದುಕೊಂಡು ಮನೆಗೆ ಬಂದ.